ಸ್ಪಿನ್ ಕ್ಲಾಸಿಗೆ ಯಾವ ಶೂ? ಎರಡು ತೂತಿಂದಾ, ಮೂರು ತೂತಿಂದಾ?

ಜೋಮು_ಬೆರಳು:
ಜಯನಗರದಲ್ಲಿ ಒಂದು ಜಿಮ್ಮಿಗೆ ಸ್ಪಿನ್ ಕ್ಲಾಸಿಗೆ, ಅಂದ್ರೆ ನಿಂತಲ್ಲೇ ತುಳಿಯೋ ಬೈಕಿನ ಕ್ಲಾಸಿಗೆ, ಸೇರಿ ಆರು ವಾರ ಆಯ್ತು, ವಾರಕ್ಕೆ ಮೂರು ದಿನ, 45 ನಿಮಿಷ. ವಾಕಿಂಗಿಗೆ ಅಂತ ತಗೊಂಡಿದ್ದ ರನ್ನಿಂಗ್ ಶೂನೇ ಹಾಕ್ಕೊಂಡು ಹೋಗ್ತಾ ಇದೀನಿ. ಇಪ್ಪತ್ತು ನಿಮಿಷ ಆಗೋಷ್ಟರಲ್ಲಿ ಎಡಗಾಲಿನ ಬೆರಳು ಜೋಮು ಹಿಡಿಯತ್ತೆ, ಎದ್ದು ನಿಂತು ತುಳಿಯೋವಾಗ ಪೆಡಲ್ ಪಾದಕ್ಕೆ ಚುಚ್ಚಿದ ಹಾಗಾಗತ್ತೆ. ಹೋದ ವಾರ ಲೇಸ್ ಬಿಚ್ಕೊಂಡು ಕ್ರ್ಯಾಂಕಿಗೆ (ಪೆಡಲ್ಲಿನ ತೋಳಿಗೆ) ಸುತ್ಕೊಂಡ್ಬಿಡ್ತು, ಆ ಬೈಕಲ್ಲಿ ನಾವು ತುಳಿಯೋದು ಬಿಟ್ರೂ ಪೆಡಲ್ ತಿರುಗ್ತಾನೇ ಇರತ್ತಲ್ಲ, ಪುಣ್ಯಕ್ಕೆ ಪಕ್ಕದವ್ರು ಬ್ರೇಕ್ ನಾಬ್ ಒತ್ತಿದ್ರು. ಈಗ ಕೋಚು ಸೈಕ್ಲಿಂಗ್ ಶೂ ತಗೊಳಿ ಅಂತಾರೆ. ಅಂಗಡಿಗೆ ಹೋದ್ರೆ ಒಂದ್ರ ಅಡಿಗೆ ಎರಡು ತೂತು, ಇನ್ನೊಂದ್ರ ಅಡಿಗೆ ಮೂರು. ಅಲ್ಲಿದ್ದ ಹುಡುಗ "ಎರಡೂ ಒಂದೇ ಮೇಡಂ" ಅಂದ. ಹೌದಾ?

ಅರ್ಧ_ಮೆಕ್ಯಾನಿಕ್:
ಅಲ್ವೇ ಅಲ್ಲ ಮೇಡಂ, ದುಡ್ಡು ಕೊಟ್ಟಿಲ್ಲ ತಾನೇ? ಶೂ ನೋಡೋಕೆ ಮುಂಚೆ ನಿಮ್ಮ ಜಿಮ್ಮಿನ ಪೆಡಲ್ ತಿರುಗ್ಸಿ ನೋಡಿ. ಒಂದು ಕಡೆ ಕಾಲು ತೂರ್ಸೋ ಬುಟ್ಟಿ, ಇನ್ನೊಂದು ಕಡೆ ಸ್ಪ್ರಿಂಗ್ ಇರೋ ಸಣ್ಣ ಕಬ್ಬಿಣದ ಹಿಡಿ ಇದ್ರೆ ಅದು ಎಸ್‌ಪಿಡಿ, ಶಿಮಾನೋ ಅನ್ನೋ ಸೈಕಲ್ ಬಿಡಿಭಾಗದ ಕಂಪನಿಯವ್ರು 1990ರಲ್ಲಿ ತಂದಿದ್ದು, ಜಿಮ್ಮುಗಳಲ್ಲಿ ಹೆಚ್ಚಾಗಿ ಇದೇ ಇರೋದು. ಅದಕ್ಕೆ ಎರಡು ತೂತಿನ ಶೂ ಬೇಕು, ಮೌಂಟನ್ ಬೈಕ್ ಶೂ ಆದ್ರೂ ನಡೆಯತ್ತೆ. ಕ್ಲೀಟು, ಅಂದ್ರೆ ಆ ತೂತುಗಳಿಗೆ ಸ್ಕ್ರೂ ಹಾಕಿ ಕೂರಿಸೋ, ಪೆಡಲ್ಲಿಗೆ ಕಚ್ಕೊಳ್ಳೋ ತುಂಡು, ಅಟ್ಟೆಯ ಒಳಗೆ ಹುದುಗಿರೋದ್ರಿಂದ ಆರಾಮಾಗಿ ನಡೀಬಹುದು. ಮೂರು ತೂತಿಂದು ರೋಡ್ ಬೈಕಿನವ್ರದ್ದು, ಪ್ಲಾಸ್ಟಿಕ್ ಕ್ಲೀಟು ಹೊರಗೆ ಚಾಚ್ಕೊಂಡಿರತ್ತೆ, ಹಾಕ್ಕೊಂಡು ಟೈಲ್ಸ್ ಮೇಲೆ ಬಾತುಕೋಳಿ ಥರ ನಡೀಬೇಕು. ಕ್ಲೀಟು ಎಷ್ಟೋ ಸಲ ಶೂ ಜೊತೆ ಬರಲ್ಲ, ಕೇಳಿ ತಗೊಳಿ. ಎಸ್‌ಎಚ್51 ಅನ್ನೋ ಕ್ಲೀಟು ಕಾಲನ್ನ ಪಕ್ಕಕ್ಕೆ ತಿರುಗಿಸಿದ್ರೆ ಮಾತ್ರ ಬಿಡತ್ತೆ, ಎಸ್‌ಎಚ್56 ಹೆಚ್ಚು ದಿಕ್ಕಲ್ಲಿ ಬಿಡತ್ತೆ, ಹೊಸಬರಿಗೆ 56 ಧೈರ್ಯ.

ಹುಬ್ಳಿ_ತುಳಿತುಳಿ:
ಅಕ್ಕಾರ, ಶೂ ಸಂಜಿಮುಂದ ತಗೋರಿ, ದಿನಾ ಹಾಕ್ಕೊಳ್ಳೋ ಕಾಲುಚೀಲಾನ ಹಾಕ್ಕೊಂಡು ನೋಡ್ರಿ, ಆವಾಗ ಕಾಲು ಚೂರು ಊದಿರ್ತಾವು. ಅಟ್ಟಿ ಗಟ್ಟಿ ಇರ್ಬೇಕು, ಕೈಯಾಗ ಹಿಡದು ಬಗ್ಗಿಸಿದ್ರ ಬಗ್ಗಬಾರ್ದು, ನಿಮ್ಮ ರನ್ನಿಂಗ್ ಶೂ ಬಗ್ಗತೈತಿ ಅಂತನ ಪಾದ ನೋಯಾಕತ್ತೈತಿ. ಬೆರಳು ಆಡಾಕ ಜಾಗಾ ಇರ್ಲಿ. ಲೇಸ್ ಬ್ಯಾಡ್ರಿ, ವೆಲ್ಕ್ರೋ ಬೇಸಿ. ಕ್ಲೀಟ್ ಹೆಬ್ಬೆರಳಿನ ಬುಡದ ಉಬ್ಬಿನ ಕೆಳಗ ಕೂಡಸ್ರಿ, ಆದ್ರೂ ಜೋಮು ಹಿಡದ್ರ ಎರಡು ಮೂರು ಮಿಲಿಮೀಟರ್ ಹಿಮ್ಮಡಿ ಕಡೆ ಸರಸ್ರಿ. ನಾ ಇದನ್ನ ತಿಳಕೊಳ್ಳಾಕ ಒಂದು ವರ್ಷ ತಗೊಂಡೇನಿ, ನಗಬ್ಯಾಡ್ರಿ.

ಡಲ್ಲಾಸ್_ಅಯ್ಯಂಗಾರ್:
ಮನೇಲಿ ಬೈಕ್ ತಗೊಳೋ ಯೋಚನೆ ಇದ್ರೆ ಒಂದು ಮಾತು. ನಮ್ಮನೇಲಿರೋ ಪೆಲೋಟನ್ ಬೈಕಿನ ಪೆಡಲ್ಲಿಗೆ ಬೇಕಿರೋದು ಲುಕ್ ಕಂಪನಿಯ ಡೆಲ್ಟಾ ಕ್ಲೀಟು, ಮೂರು ತೂತಿನ ಶೂ. ನಾನು ಮಹಾ ಬುದ್ಧಿವಂತ, ಮೂರು ತೂತು ಅಂದ್ಮೇಲೆ ಎಲ್ಲಾ ಒಂದೇ ಅಂತ ಲುಕ್ ಕಿಯೋ ಕ್ಲೀಟ್ ತರಿಸ್ಕೊಂಡೆ, ಅದು ಡೆಲ್ಟಾ ಪೆಡಲ್ಲಿಗೆ ಕೂರೋದೇ ಇಲ್ಲ! ಕಂಪನಿ ಒಂದೇ, ಶೂನೂ ಅದೇ, ಕ್ಲೀಟ್ ಮಾತ್ರ ಬೇರೆ. ಇನ್ನೂ ಡ್ರಾಯರಲ್ಲಿ ಬಿದ್ದಿದೆ, ಹೆಂಡತಿ ಆಗಾಗ ಎತ್ತಿ ತೋರಿಸ್ತಾಳೆ.

ಖರ್ಚು_ಬೇಡ:
ಎಲ್ರೂ ಶೂ ಶೂ ಅಂತೀರಿ, ಮೊದ್ಲು ಬುಟ್ಟಿಯ ಸ್ಟ್ರ್ಯಾಪ್ ಸಡಿಲ ಮಾಡಿ ಲೇಸ್ ತುದಿ ಒಳಗೆ ಸಿಕ್ಕಿಸಿ ಒಂದು ವಾರ ನೋಡಿ ಅಕ್ಕ, ನಂಗೆ ಅಷ್ಟಕ್ಕೇ ಜೋಮು ನಿಲ್ತು.

ಜೋಮು_ಬೆರಳು:
ಇವತ್ತು ಬೆಳಿಗ್ಗೆ ನೆಲಕ್ಕೆ ಕೂತು ಪೆಡಲ್ ತಿರುಗ್ಸಿ ನೋಡ್ದೆ, ಎಸ್‌ಪಿಡಿನೇ. ಸ್ಟ್ರ್ಯಾಪ್ ಸಡಿಲ ಮಾಡಿದ್ದಕ್ಕೆ ಜೋಮು ಕಮ್ಮಿ ಆಯ್ತು, ಪಾದ ಚುಚ್ಚೋದು ಹೋಗ್ಲಿಲ್ಲ. ಎರಡು ತೂತಿಂದೇ ತಗೋತೀನಿ. ಕಾಲು ಸಿಕ್ಕಾಕ್ಕೊಂಡ್ರೆ ಅನ್ನೋ ಭಯ ಇನ್ನೂ ಇದೆ.

ಅರ್ಧ_ಮೆಕ್ಯಾನಿಕ್:
ಮೊದ್ಲು ನಾಬ್ ಒತ್ತಿ ಚಕ್ರ ಪೂರ್ತಿ ನಿಲ್ಸಿ, ಆಮೇಲೆ ಹಿಮ್ಮಡಿ ಹೊರಗೆ ತಿರುಗ್ಸಿ, ಟಕ್ ಅಂತ ಬಿಡತ್ತೆ. ಕ್ಲಾಸಿಗೆ ಹತ್ತು ನಿಮಿಷ ಮುಂಚೆ ಹೋಗಿ ಒಂದು ಇಪ್ಪತ್ತು ಸಲ ಹಾಕಿ ತೆಗೆದು ಮಾಡಿ. ತುಂಬಾ ಬಿಗಿ ಅನ್ಸಿದ್ರೆ ಪೆಡಲ್ಲಲ್ಲಿ ಅಲೆನ್ ಕೀ ಸ್ಕ್ರೂ ಇರತ್ತೆ, ಕೋಚಿಗೆ ಹೇಳಿ ಸಡಿಲ ಮಾಡಿಸ್ಕೊಳಿ.