ಕೋವಿ, ಕತ್ತಿ, ಸೈಲೆನ್ಸರ್‌ಗೆ ಸೆರಾಮಿಕ್ ಕೋಟಿಂಗ್: ಪ್ರಶ್ನೋತ್ತರ

ಕೋವಿ ರಿಪೇರಿ, ಮೈಸೂರು: ಎಲ್ಲರಿಗೂ ನಮಸ್ಕಾರ. ಗುಂಪಿನ ಅಡ್ಮಿನ್ ಕೇಳಿಕೊಂಡರು ಅಂತ ಬರೆಯುತ್ತಿದ್ದೇನೆ. ಲೈಸೆನ್ಸ್ ಇರುವ ಕೋವಿ ರಿಪೇರಿ ಅಂಗಡಿಯಲ್ಲಿ 19 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. 6 ವರ್ಷದಿಂದ ಸೆರಾಮಿಕ್ ಕೋಟಿಂಗೂ ಮಾಡುತ್ತೇವೆ. ಕೊಡಗಿನ ಆಯುಧಪೂಜೆ ಹಬ್ಬ ಕೈಲ್ ಪೋಳ್ದ್ ಹತ್ತಿರ ಬಂತು, ಮಳೆ ಇನ್ನೂ ಬಿಟ್ಟಿಲ್ಲ. ಕನ್ನಿಕೊಂಬರೆಯಿಂದ (ಕೊಡವರ ಮನೆಯ ದೇವರ ಕೋಣೆ) ಕೋವಿ ಹೊರಗೆ ತೆಗೆದರೆ ತುಕ್ಕು ಕಾಣಿಸುವ ಕಾಲ ಇದು. ಕೇಳಿ, ಗೊತ್ತಿದ್ದಷ್ಟು ಹೇಳುತ್ತೇನೆ.

ಬುಲೆಟ್ ಸವಾರ: ಸರ್, ರೇಟ್ ಎಷ್ಟು?

ಕೋವಿ ರಿಪೇರಿ, ಮೈಸೂರು: ವಸ್ತು ಕೈಯಲ್ಲಿ ಹಿಡಿದು ನೋಡದೆ ರೇಟ್ ಹೇಳುವುದಿಲ್ಲ. ತುಕ್ಕು ಎಷ್ಟು ಆಳಕ್ಕೆ ಇಳಿದಿದೆ ಅನ್ನುವುದರ ಮೇಲೆ ಕೆಲಸ.

ಸುಳ್ಯ ಅಡಿಕೆ: ನಮಸ್ಕಾರ ಸರ್. ನನ್ನದು ಬೆಳೆ ರಕ್ಷಣೆ ಲೈಸೆನ್ಸಿನ ಒಂಟಿ ನಳಿಗೆ ತೋಟಾ (ಕಾರ್ಟ್ರಿಜ್) ಕೋವಿ. ಕಾರಿಗೆ ಸೆರಾಮಿಕ್ ಕೋಟಿಂಗ್ ಮಾಡಿಸಿದೆ. ಒಂದು ಬಾಟಲಿ ಉಳಿದಿದೆ. ಅದನ್ನೇ ಕೋವಿಗೂ ಒರೆಸಿದರೆ ಆಗುವುದಿಲ್ಲವೇ?

ಕೋವಿ ರಿಪೇರಿ, ಮೈಸೂರು: ಆಗುವುದಿಲ್ಲ. ಹೆಸರು ಒಂದೇ, ವಸ್ತು ಬೇರೆ. ಕಾರಿನದು ಬಣ್ಣದ ಮೇಲೆ ಕೂರುವ ತೆಳು ಪಾರದರ್ಶಕ ಪದರ, ಹೊಳಪಿಗೆ ಮತ್ತು ನೀರು ಜಾರುವುದಕ್ಕೆ. ಕೋವಿಗೆ ಹೊಡೆಯುವ ಸೆರಾಕೋಟ್ ಥರದ್ದು ರಾಳದಲ್ಲಿ ಸೆರಾಮಿಕ್ ಬೆರೆಸಿದ ಗಟ್ಟಿ ಬಣ್ಣ.

ಕೆಲಸ ಹೀಗೆ. ಮೊದಲು ಕೋವಿ ಖಾಲಿ ಇದೆಯೇ ಅಂತ ಇಬ್ಬರು ಬೇರೆ ಬೇರೆಯಾಗಿ ನೋಡುತ್ತೇವೆ. ಪೂರ್ತಿ ಬಿಚ್ಚುತ್ತೇವೆ. ಅಸಿಟೋನ್‌ನಲ್ಲಿ ನೆನೆಸಿ ಜಿಡ್ಡು ತೆಗೆಯುತ್ತೇವೆ. ಆಮೇಲೆ 149 ಡಿಗ್ರಿ ಸೆಲ್ಸಿಯಸ್ ಒಲೆಯಲ್ಲಿ ಒಂದು ಗಂಟೆ ನೇತು ಹಾಕುತ್ತೇವೆ. ಸಂದಿಗಳಲ್ಲಿ ಅಡಗಿದ ಎಣ್ಣೆ ಆಗ ಬೆವರಿನ ಹಾಗೆ ಹೊರಗೆ ಬರುತ್ತದೆ. ಬಂದರೆ ಮತ್ತೆ ಅಸಿಟೋನ್. ಆಮೇಲೆ ಅಲ್ಯೂಮಿನಿಯಂ ಆಕ್ಸೈಡ್ ಪುಡಿ ಊದಿ ಮೈ ಒರಟು ಮಾಡಬೇಕು, ಇಲ್ಲದಿದ್ದರೆ ಬಣ್ಣ ಕಚ್ಚುವುದಿಲ್ಲ. ನಳಿಗೆಯ ಒಳಗೆ, ತೋಟಾ ಕೂರುವ ಜಾಗಕ್ಕೆ ಬಿರಡೆ. ಅಲ್ಲಿ ಪುಡಿಯೂ ಹೋಗಬಾರದು, ಬಣ್ಣವೂ ಹೋಗಬಾರದು. ಸ್ಪ್ರೇ ಆದ ಮೇಲೆ 121 ಡಿಗ್ರಿಯಲ್ಲಿ ಎರಡು ಗಂಟೆ ಬೇಯಬೇಕು. ಕೊನೆಗೆ ಪದರದ ದಪ್ಪ ಸುಮಾರು 25 ಮೈಕ್ರಾನ್. ಅಷ್ಟೇ ಇದ್ದರೂ ಮಡಚುವ ಕೀಲಿನಲ್ಲಿ ಜಾಸ್ತಿ ಕೂತರೆ ಕೋವಿ ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ.

ಸುಳ್ಯ ಅಡಿಕೆ: ಅರ್ಥ ಆಯಿತು ಸರ್. ಬಾಟಲಿ ಕಾರಿಗೇ ಇರಲಿ.

ಬೆಂಗಳೂರು ಕೊಡಗು: ಸಹೋದರರೇ, ಒಂದು ಸುಲಭ ಉಪಾಯ ಬಂದಿದೆ, ಫಾರ್ವರ್ಡ್ ಮಾಡುತ್ತಿದ್ದೇನೆ. “ಬಾತ್‌ರೂಮ್ ತೊಳೆಯುವ ಆಸಿಡ್ ಹಚ್ಚಿ 10 ನಿಮಿಷ ಬಿಡಿ, ತುಕ್ಕು ಮಾಯ. ಆಮೇಲೆ ತೆಂಗಿನೆಣ್ಣೆ ಮತ್ತು ಸೀಮೆಎಣ್ಣೆ ಸಮಸಮ ಬೆರೆಸಿ ಹಚ್ಚಿ. ಕೋಟಿಂಗ್ ಖರ್ಚೇ ಬೇಡ. 10 ಜನಕ್ಕೆ ಕಳಿಸಿ.”

ಕೋವಿ ರಿಪೇರಿ, ಮೈಸೂರು: ದಯವಿಟ್ಟು ಮಾಡಬೇಡಿ. ಆ ಆಸಿಡ್ ತುಕ್ಕನ್ನಷ್ಟೇ ತಿಂದು ನಿಲ್ಲುವುದಿಲ್ಲ, ಒಳ್ಳೆಯ ಉಕ್ಕನ್ನೂ ತಿನ್ನುತ್ತದೆ. ಸ್ಪ್ರಿಂಗ್ ಪೆಡಸಾಗಿ ಮುರಿಯುತ್ತದೆ. ಅದರ ಹೊಗೆಗೆ ಅದೇ ಕೋಣೆಯಲ್ಲಿರುವ ಕತ್ತಿ, ಗರಗಸಕ್ಕೂ ತುಕ್ಕು ಬರುತ್ತದೆ. ಪಾತ್ರೆಯಲ್ಲಿ ಬ್ಲೀಚಿಂಗ್ ಪುಡಿ ಉಳಿದಿದ್ದು ಆಸಿಡ್ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ, ಉಸಿರಾಟಕ್ಕೇ ಅಪಾಯ. ಇನ್ನು ತೆಂಗಿನೆಣ್ಣೆ. ಅದು 24 ಡಿಗ್ರಿ ಹತ್ತಿರ ಗಟ್ಟಿಯಾಗುತ್ತದೆ. ಮಡಿಕೇರಿಯ ಮಳೆಗಾಲದಲ್ಲಿ ಕೋವಿಯ ಕುದುರೆಯ (ಟ್ರಿಗರ್) ಸಂದಿಯಲ್ಲಿ ಬೆಣ್ಣೆಯ ಹಾಗೆ ಕೂರುತ್ತದೆ. ಕೋವಿಗೆ ಅಂತಲೇ ಎಣ್ಣೆ ಸಿಗುತ್ತದೆ, ಅದನ್ನು ಹಚ್ಚಿ.

ಬೆಂಗಳೂರು ಕೊಡಗು: ನಮ್ಮ ಅಜ್ಜಂದಿರು ತೆಂಗಿನೆಣ್ಣೆಯನ್ನೇ ಹಚ್ಚುತ್ತಿದ್ದರು.

ಕೋವಿ ರಿಪೇರಿ, ಮೈಸೂರು: ಅವರು ದಿನಾ ತೆಗೆದು ಒರೆಸುತ್ತಿದ್ದರು. ನಾವು ವರ್ಷಕ್ಕೊಮ್ಮೆ ತೆಗೆಯುತ್ತೇವೆ.

ಕಾಫಿ ಹೂವು: ಅಣ್ಣಾ, ಕಬ್ಬಿಣದ ದೋಸೆ ಕಾವಲಿಗೆ ಈ ಕೋಟಿಂಗ್ ಮಾಡಬಹುದಾ? ನಮ್ಮ ಕೊಡವರ ಅಗಲ ಅಲಗಿನ ಕತ್ತಿ ಇದೆಯಲ್ಲ, ಆ ಒಡಿಕತ್ತಿಗೆ?

ಕೋವಿ ರಿಪೇರಿ, ಮೈಸೂರು: ಕಾವಲಿಗೆ ಬೇಡ ಅಕ್ಕ, ಅಡುಗೆಗೆ ಮಾಡಿದ ಬಣ್ಣ ಅಲ್ಲ ಇದು. ಎಣ್ಣೆ ಹಾಕಿ ಪಳಗಿಸಿದ ಕಾವಲಿಗಿಂತ ಒಳ್ಳೆಯದು ಯಾವುದೂ ಇಲ್ಲ. ಒಡಿಕತ್ತಿಯ ಅಲಗಿನ ಬೆನ್ನಿಗೆ ಹೊಡೆಯಬಹುದು, ಬಾಯಿಗೆ ನಿಲ್ಲುವುದಿಲ್ಲ. ಮಸೆದ ತಕ್ಷಣ ಹೋಗುತ್ತದೆ.

ಮೂರ್ನಾಡು ಮನೆ: ಸರ್, ನಮ್ಮ ಐನ್‌ಮನೆಯಲ್ಲಿ (ಕುಟುಂಬದ ಮೂಲಮನೆ) ಜೋಡಿ ನಳಿಗೆ ಕೋವಿ ಇದೆ. ಮುತ್ತಜ್ಜನ ಕಾಲದ್ದು. ಪೇಪರ್ ಎಲ್ಲಾ ಸರಿ ಇದೆ. ನಳಿಗೆಯ ಮೇಲೆ ಸಣ್ಣ ಸಣ್ಣ ಗೆರೆ, ಹಾವಿನ ಪೊರೆಯ ಹಾಗೆ ಕಾಣುತ್ತದೆ. ತುಕ್ಕಿನ ಗೆರೆ ಅಂತ ತಮ್ಮ ಹೇಳುತ್ತಾನೆ. ಅದು ಹೋಗುವ ಹಾಗೆ ಕಪ್ಪು ಕೋಟಿಂಗ್ ಮಾಡಿಸಬೇಕು.

ಕೋವಿ ರಿಪೇರಿ, ಮೈಸೂರು: ನಿಲ್ಲಿ, ನಿಲ್ಲಿ. ಫೋಟೋ ಹಾಕಿ. ಬಿಸಿಲಲ್ಲಿ, ಓರೆಯಾಗಿ ಹಿಡಿದು.

ಮೂರ್ನಾಡು ಮನೆ: ಹಾಕಿದ್ದೇನೆ ಸರ್.

ಕೋವಿ ರಿಪೇರಿ, ಮೈಸೂರು: ಇದು ತುಕ್ಕಲ್ಲ. ಡಮಾಸ್ಕಸ್ ನಳಿಗೆ. ಕಬ್ಬಿಣ ಮತ್ತು ಉಕ್ಕಿನ ಸರಳುಗಳನ್ನು ಒಟ್ಟಿಗೆ ಬೆಸೆದು, ಹಗ್ಗ ಹೊಸೆದ ಹಾಗೆ ತಿರುಚಿ, ಪಟ್ಟಿ ಮಾಡಿ, ಒಂದು ಸಲಾಕೆಯ ಸುತ್ತ ಸುತ್ತಿ ಬಡಿದು ಮಾಡಿದ ಕೊಳವೆ. ಆ ಗೆರೆಗಳು ತಿರುಚಿದ ಗುರುತು. ಕಬ್ಬಿಣ ಒಂದು ಬಣ್ಣ, ಉಕ್ಕು ಇನ್ನೊಂದು ಬಣ್ಣಕ್ಕೆ ತಿರುಗಿದೆ. ಎಡ ನಳಿಗೆಯ ಗೆರೆಗಳು ಬಲದ್ದಕ್ಕೆ ಕನ್ನಡಿಯ ಹಾಗೆ ಎದುರು ಬದುರು ಇವೆ, ನೋಡಿ. ನಿಮ್ಮ ಫೋಟೋವನ್ನು ಮೂರು ಸಲ ದೊಡ್ಡದು ಮಾಡಿ ನೋಡಿದೆ.

ಇದಕ್ಕೆ ಪುಡಿ ಊದಿದರೆ ಆ ಗೆರೆ ಐದು ನಿಮಿಷದಲ್ಲಿ ಅಳಿಸಿ ಹೋಗುತ್ತದೆ. ಸೆರಾಮಿಕ್ ಬೇಡ. ಯಾರು ಹೇಳಿದರೂ ಬೇಡ. ಬಿಸಿ ಉಪ್ಪಿನ ತೊಟ್ಟಿಯಲ್ಲಿ ಅದ್ದಿ ಕಪ್ಪು ಮಾಡಿಕೊಡುತ್ತೇವೆ ಅನ್ನುವವರೂ ಸಿಗುತ್ತಾರೆ. ಅದೂ ಬೇಡ. ಎರಡು ನಳಿಗೆಗಳ ನಡುವಿನ ಪಟ್ಟಿಯನ್ನು ಸೀಸ ಮತ್ತು ತವರದ ಬೆಸುಗೆಯಿಂದ ಕೂರಿಸಿರುತ್ತಾರೆ. ಆ ತೊಟ್ಟಿಯ ಕ್ಷಾರ ಬೆಸುಗೆಯನ್ನೇ ತಿನ್ನುತ್ತದೆ. ಕೆಲವು ದಿನ ಬಿಟ್ಟು ಪಟ್ಟಿ ಎದ್ದು ಬರುತ್ತದೆ.

ಒಂದು ಪರೀಕ್ಷೆ ಮಾಡಿ. ಕೋವಿ ಖಾಲಿ ಇದೆ ಅಂತ ನೋಡಿಕೊಂಡು ನಳಿಗೆ ಬಿಚ್ಚಿ. ಕೊಕ್ಕೆಗೆ ದಾರ ಕಟ್ಟಿ ನೇತು ಹಾಕಿ, ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ದೇವಸ್ಥಾನದ ಗಂಟೆಯ ಹಾಗೆ ನಾದ ಉಳಿದರೆ ಬೆಸುಗೆ ಗಟ್ಟಿ. ಒಡೆದ ಮಡಕೆಯ ಸದ್ದು ಬಂದರೆ ಪಟ್ಟಿ ಸಡಿಲ ಆಗಿದೆ, ಅದರ ಅಡಿಯಲ್ಲಿ ತುಕ್ಕು ಕೂತಿರುತ್ತದೆ.

ಇನ್ನೊಂದು ಮಾತು. ಆ ಕಾಲದ ಡಮಾಸ್ಕಸ್ ನಳಿಗೆ ಕರಿಮದ್ದಿಗೆ, ಅಂದರೆ ಹಳೆ ಕಾಲದ ಕಪ್ಪು ಕೋವಿಮದ್ದಿಗೆ ಮಾಡಿದ್ದು. ಈಗಿನ ತೋಟಾ ಹಾಕಬೇಡಿ. ಹಬ್ಬದ ದಿನ ತೆಂಗಿನಕಾಯಿಗೆ ಗುರಿ ಇಡಲು ಬೇರೆ ಕೋವಿ ತನ್ನಿ.

ಮೂರ್ನಾಡು ಮನೆ: ಸರ್, ತಟ್ಟಿದೆ. ನಾದ ಬಂತು! ಅಮ್ಮ ಒಳಗಿನಿಂದ ಯಾರು ಗಂಟೆ ಹೊಡೆದರು ಅಂತ ಕೇಳಿದರು.

ಕೋವಿ ರಿಪೇರಿ, ಮೈಸೂರು: ತುಂಬಾ ಸಂತೋಷ. ಎಣ್ಣೆ ಬಟ್ಟೆಯಲ್ಲಿ ಒರೆಸಿ ಇಡಿ. ಚರ್ಮದ ಕವರಿನೊಳಗೆ ಇಡಬೇಡಿ, ಚರ್ಮ ತೇವ ಹಿಡಿಯುತ್ತದೆ.

ಬುಲೆಟ್ ಸವಾರ: ಸರ್, ಬೈಕ್ ಸೈಲೆನ್ಸರ್‌ಗೆ ಮಾಡುತ್ತೀರಾ? ರೇಟ್?

ಕೋವಿ ರಿಪೇರಿ, ಮೈಸೂರು: ಮಾಡುತ್ತೇವೆ. ಅದಕ್ಕೆ ಬಿಸಿ ತಡೆಯುವ ಬೇರೆ ಜಾತಿ ಬಣ್ಣ, ಒಲೆ ಬೇಡ, ಗಾಳಿಗೆ ಒಣಗುತ್ತದೆ. ಕ್ರೋಮ್ ಇದ್ದರೆ ಮೊದಲು ಕ್ರೋಮ್ ತೆಗೆಸಿ. ರೇಟಿಗೆ ಮೇಲೆ ನೋಡಿ.

ಸೋಮವಾರಪೇಟೆ ತೋಟ: 2024ರ ಲೋಕಸಭಾ ಚುನಾವಣೆಗೆ ಠಾಣೆಯಲ್ಲಿ ಕೋವಿ ಠೇವಣಿ ಇಟ್ಟೆ. ವಾಪಸ್ ಬರುವಾಗ ನಳಿಗೆ ಪೂರ್ತಿ ಕೆಂಪು. ಕೋಟಿಂಗ್ ಮಾಡಿಸಿ ಠೇವಣಿ ಇಟ್ಟರೆ ತುಕ್ಕು ಹಿಡಿಯುವುದಿಲ್ಲವೇ?

ಕೋವಿ ರಿಪೇರಿ, ಮೈಸೂರು: ಹೊರಗೆ ಹಿಡಿಯುವುದು ತುಂಬಾ ಕಡಿಮೆ. ಒಳಗೆ ಕೋಟಿಂಗ್ ಇರುವುದಿಲ್ಲವಲ್ಲ, ಅಲ್ಲಿಗೆ ಎಣ್ಣೆ ಹಾಕಿಯೇ ಕೊಡಿ. ವಾಪಸ್ ತಂದು ಗುಂಡು ಹೊಡೆಯುವ ಮುಂಚೆ ಎಣ್ಣೆ ಒರೆಸಿ ತೆಗೆಯಿರಿ.

ಸುಳ್ಯ ಅಡಿಕೆ: ಪ್ರತಿ ಚುನಾವಣೆಗೂ ಇದೇ ಗೋಳು. ಹಂದಿ, ಮಂಗ ಚುನಾವಣೆ ಮುಗಿಯಲಿ ಅಂತ ಕಾಯುತ್ತವಾ? ಕೊಡವರಿಗೆ ಲೈಸೆನ್ಸೇ ಬೇಡ. ನಾವು ಮೂರು ಕಚೇರಿ ಅಲೆಯಬೇಕು.

ಬೆಂಗಳೂರು ಕೊಡಗು: ಸುಮ್ನೆ ಮಾತಾಡಬೇಡಿ. ಅದು ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ. 2029ರ ಅಕ್ಟೋಬರ್ 31ರವರೆಗೆ ಕೇಂದ್ರ ಮುಂದುವರಿಸಿದೆ. ಹೈಕೋರ್ಟೂ 2021ರಲ್ಲಿ ಎತ್ತಿ ಹಿಡಿದಿದೆ. ಕೋವಿ ನಮಗೆ ದೇವರ ಸಮಾನ.

ಸುಳ್ಯ ಅಡಿಕೆ: ನಮಗೆ ತೋಟ ದೇವರ ಸಮಾನ.

ನಿವೃತ್ತ ಹವಿಲ್ದಾರ್: ವಿನಾಯಿತಿ ಇದ್ದವರಿಗೂ ವಿನಾಯಿತಿ ಪತ್ರ ಬೇಕು. ಅದನ್ನು ಮರೆತು ಕೋವಿ ಹೊತ್ತು ಓಡಾಡುವವರನ್ನು ನಾನು ನೋಡಿದ್ದೇನೆ.

ಬೆಂಗಳೂರು ಕೊಡಗು: ನಮ್ಮವರಿಗೆ ಕಾನೂನು ಕಲಿಸಲು ಬರಬೇಡಿ ಹವಿಲ್ದಾರರೇ.

ನಿವೃತ್ತ ಹವಿಲ್ದಾರ್: ನಾನೂ ನಿಮ್ಮವನೇ. 22 ವರ್ಷ ಕೋವಿ ಹಿಡಿದಿದ್ದೇನೆ.

ಕಾಫಿ ಹೂವು: ಅಣ್ಣಾ, ದೇವರ ಕೋಣೆಯ ಪಂಚಲೋಹದ ವಿಗ್ರಹಕ್ಕೆ ಆಗುತ್ತಾ?

ಸೋಮವಾರಪೇಟೆ ತೋಟ: ಠೇವಣಿಯಿಂದ ಹಾಳಾದ ಕೋವಿಗೆ ಯಾರು ದುಡ್ಡು ಕೊಡುತ್ತಾರೆ, ಅದನ್ನು ಹೇಳಿ ಮೊದಲು.

ಅಟ್ಟದ ಮನೆ: ಸರ್, ನನ್ನದೊಂದು ಪ್ರಶ್ನೆ. ಹಳೆ ಮನೆ ಕೀಳಿಸುವಾಗ ಅಟ್ಟದಲ್ಲಿ ಕೇಪಿನ ಕೋವಿ ಸಿಕ್ಕಿತು. ಅಜ್ಜನದು ಅನ್ನಿಸುತ್ತದೆ. ತುಂಬಾ ತುಕ್ಕು. ಕೋಟಿಂಗ್ ಮಾಡಿಸಿ ಗೋಡೆಗೆ ತೂಗು ಹಾಕೋಣ ಅಂತ. ಹಿಂಬದಿಯ ಬಿರಡೆ ಕಚ್ಚಿಕೊಂಡಿದೆ. ಮಾವ ನಾಳೆ ಗ್ಯಾಸ್ ಟಾರ್ಚ್‌ನಲ್ಲಿ ಕಾಯಿಸಿ ಬಿಚ್ಚುತ್ತೇನೆ ಅಂತಿದ್ದಾರೆ. ಕಾಯಿಸಿದರೆ ಕೋಟಿಂಗ್‌ಗೆ ತೊಂದರೆ ಇದೆಯಾ?

ಕೋವಿ ರಿಪೇರಿ, ಮೈಸೂರು: ಕಾಯಿಸಬೇಡಿ. ಈಗಲೇ ಮಾವನಿಗೆ ಫೋನ್ ಮಾಡಿ ಹೇಳಿ. ಹೇಳಿದ ಮೇಲೆ ಇಲ್ಲಿ ಬರೆಯಿರಿ.

ಬುಲೆಟ್ ಸವಾರ: ಡಬ್ಲ್ಯೂಡಿ-40 ಹೊಡೆದು ಸುತ್ತಿಗೆಯಲ್ಲಿ ಎರಡು ಏಟು ಕೊಡಿ ಬ್ರೋ, ಬರುತ್ತೆ.

ಕೋವಿ ರಿಪೇರಿ, ಮೈಸೂರು: ಬುಲೆಟ್ ಸವಾರರೇ, ಗೊತ್ತಿಲ್ಲದ ವಿಷಯಕ್ಕೆ ಬಾಯಿ ಹಾಕಬೇಡಿ. ಇಲ್ಲಿ ಕೈ, ಕಣ್ಣು ಹೋಗುವ ಮಾತು ನಡೆಯುತ್ತಿದೆ.

ಅಟ್ಟದ ಮನೆ: ಹೇಳಿದೆ ಸರ್. ಟಾರ್ಚ್ ಒಳಗಿಟ್ಟರು. ಯಾಕೆ ಅಂತ ಕೇಳುತ್ತಿದ್ದಾರೆ.

ಕೋವಿ ರಿಪೇರಿ, ಮೈಸೂರು: ಅವರಿಗೂ ಓದಿ ಹೇಳಿ. ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು ಹಿಂದಿನವರು ಎಷ್ಟೋ ಸಲ ತುಂಬಿಸಿಯೇ ಇಡುತ್ತಿದ್ದರು. ರಾತ್ರಿ ಹಂದಿ ಬಂದರೆ ಕೇಪು (ಮದ್ದಿಗೆ ಕಿಡಿ ಕೊಡುವ ಪುಟ್ಟ ಟೋಪಿ) ಇಟ್ಟು ಹೊಡೆದರೆ ಆಯಿತು. ಹೊಡೆಯದೆ ಉಳಿದದ್ದು ಹಾಗೇ ಉಳಿಯಿತು. ತೋಟಾ ಕೋವಿಯನ್ನು ಮಡಚಿದರೆ ತೋಟಾ ಕಾಣುತ್ತದೆ. ಇದರಲ್ಲಿ ಹೊರಗಿನಿಂದ ಏನೂ ಕಾಣುವುದಿಲ್ಲ. ಕರಿಮದ್ದು ಒಣಗಿದ್ದರೆ ನೂರು ವರ್ಷ ಆದರೂ ಹೊತ್ತಿಕೊಳ್ಳುತ್ತದೆ. ಟಾರ್ಚ್‌ನಿಂದ ಕಾಯಿಸುವ ಬಿರಡೆಯ ಪಕ್ಕದಲ್ಲೇ ಆ ಮದ್ದು ಇರುತ್ತದೆ.

ನಮ್ಮ ಅಂಗಡಿಗೆ ಬಂದ ಕೇಪಿನ ಕೋವಿಗಳಲ್ಲಿ ಮೂರು ತುಂಬಿದ್ದವು. ಮೂರನ್ನೂ ತಂದವರು ಖಾಲಿ ಅಂದಿದ್ದರು. ಒಂದನ್ನು ಮಕ್ಕಳು ಆಟಕ್ಕೆ ಹಿಡಿದು ಫೋಟೋ ತೆಗೆಸಿಕೊಂಡಿದ್ದರು. ಆ ಫೋಟೋ ಇವತ್ತಿಗೂ ನನ್ನ ಕಣ್ಣಿನಿಂದ ಹೋಗಿಲ್ಲ.

ನೋಡುವುದು ಹೀಗೆ. ಕೇಪು ಇದ್ದರೆ ಮುಟ್ಟಬೇಡಿ, ಕುದುರೆ ಎಳೆಯಬೇಡಿ, ಅಲ್ಲಿಗೇ ನಿಲ್ಲಿಸಿ. ಕೇಪು ಇಲ್ಲದಿದ್ದರೆ ಕೋವಿಯ ಬಾಯಿ ಜನ ಇಲ್ಲದ ಕಡೆ ಇರಲಿ. ನಿಮ್ಮ ಮುಖ, ಎದೆ ಬಾಯಿಯ ಎದುರು ಬೇಡ. ತೆಳು ಮರದ ಕೋಲನ್ನು ಬದಿಯಲ್ಲಿ ನಿಂತು ಮೆಲ್ಲಗೆ ಒಳಗೆ ಬಿಡಿ, ಕುಟ್ಟಬೇಡಿ. ನಿಂತ ಕಡೆ, ಬಾಯಿಯ ಮಟ್ಟಕ್ಕೆ ಕೋಲಿನ ಮೇಲೆ ಗುರುತು ಹಾಕಿ. ಕೋಲು ತೆಗೆದು ನಳಿಗೆಯ ಹೊರಗೆ ಇಟ್ಟು ಅಳೆಯಿರಿ. ಕೋಲಿನ ತುದಿ ಕೇಪು ಕೂರುವ ಜಾಗದವರೆಗೆ ಬರಬೇಕು. ಎರಡು ಮೂರು ಇಂಚು ಮುಂಚೆಯೇ ನಿಂತರೆ ಒಳಗೆ ಏನೋ ಇದೆ.

ಅಟ್ಟದ ಮನೆ: ಕೇಪು ಇಲ್ಲ ಸರ್. ಈಗ ಅಳೆದೆ. ನಾಲ್ಕು ಬೆರಳು ಕಡಿಮೆ ಬಂತು.

ಕೋವಿ ರಿಪೇರಿ, ಮೈಸೂರು: ಹಾಗಾದರೆ ತುಂಬಿದೆ ಅಂತಲೇ ತಿಳಿಯಿರಿ. ಮುಟ್ಟುವುದು ಬೇಡ. ಬಿಸಿಲಿಗೆ, ಒಲೆ ಹತ್ತಿರಕ್ಕೆ ಬೇಡ. ಒಂದು ಕೋಣೆಯಲ್ಲಿಟ್ಟು ಬೀಗ ಹಾಕಿ. ಇದರ ಪೇಪರ್ ಇದೆಯೇ?

ಅಟ್ಟದ ಮನೆ: ಅಜ್ಜ ಹೋಗಿ 30 ವರ್ಷ ಆಯಿತು. ಪೇಪರ್ ಯಾರಿಗೂ ಗೊತ್ತಿಲ್ಲ.

ಬೆಂಗಳೂರು ಕೊಡಗು: ಗೋಡೆಗೆ ತೂಗು ಹಾಕುವ ಕೋವಿಗೆ ಪೇಪರ್ ಯಾಕೆ? ಗುಟ್ಟಾಗಿ ನಂಬರ್ ಉಜ್ಜಿ ಕೋಟಿಂಗ್ ಹೊಡೆಸಿದರೆ ಮುಗಿಯಿತು.

ಕೋವಿ ರಿಪೇರಿ, ಮೈಸೂರು: ಇಂಥ ಮಾತು ಈ ಗುಂಪಿನಲ್ಲಿ ಬೇಡ. 1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ನಂಬರ್ ಉಜ್ಜುವುದೇ ಅಪರಾಧ. ವಿನಾಯಿತಿ ಇದ್ದವರಿಗೂ ಅಷ್ಟೇ. ಕೋವಿ ರಿಪೇರಿಗೂ ಲೈಸೆನ್ಸ್ ಬೇಕು, ಅದು 5ನೇ ಸೆಕ್ಷನ್. ಹಾಗಾಗಿ ಬೈಕ್‌ಗೆ ಬಣ್ಣ ಹೊಡೆಯುವ ಶೆಡ್‌ಗೆ ಕೋವಿ ಕೊಡಬೇಡಿ. ನಾವು ಕೋಟಿಂಗ್ ಮಾಡುವಾಗ ನಂಬರಿನ ಮೇಲೆ ತೆಳುವಾಗಿ ಹೊಡೆಯುತ್ತೇವೆ, ಅಕ್ಷರ ಓದುವ ಹಾಗೆ ಇರಬೇಕು. ಅಳಿಸಿ ತಂದ ಕೋವಿಯನ್ನು ಒಳಗೆ ತೆಗೆದುಕೊಳ್ಳುವುದೇ ಇಲ್ಲ.

ಅಟ್ಟದ ಮನೆಯವರೇ, ನೀವು ಹೆದರಬೇಡಿ. ಹತ್ತಿರದ ಠಾಣೆಗೆ ಫೋನ್ ಮಾಡಿ. ಅಜ್ಜನ ಹಳೆ ಕೋವಿ ಸಿಕ್ಕಿದೆ, ಒಳಗೆ ಮದ್ದು ಇರುವ ಹಾಗಿದೆ ಅಂತ ನೇರವಾಗಿ ಹೇಳಿ. ನೀವೇ ಹೊತ್ತುಕೊಂಡು ಬಸ್ಸು ಹತ್ತಬೇಡಿ. ಠೇವಣಿ ಇಟ್ಟ ರಸೀದಿ ತೆಗೆದುಕೊಳ್ಳಿ. ಆಮೇಲೆ ವಾರಸುದಾರರ ಅರ್ಜಿ ಹಾಕಬಹುದು. ಕೋಟಿಂಗ್ ಮಾತು ಅದೆಲ್ಲ ಮುಗಿದ ಮೇಲೆ.

ಬುಲೆಟ್ ಸವಾರ: ರೇಟ್ ಒಂದು ಅಂದಾಜು ಹೇಳಿದರೆ ಏನು ನಷ್ಟ ಸರ್?

ಕೋವಿ ರಿಪೇರಿ, ಮೈಸೂರು: ಇದಕ್ಕೆ ಇನ್ನು ಉತ್ತರ ಇಲ್ಲ.

ಸೋಮವಾರಪೇಟೆ ತೋಟ: ಹಬ್ಬಕ್ಕೆ ಮುಂಚೆ ಕೊಟ್ಟರೆ ಸಿಗುತ್ತಾ? ನಳಿಗೆಯ ಬಾಯಿಯ ಒಳಗೆ ಉಂಗುರದ ಹಾಗೆ ತುಕ್ಕು ಇದೆ. ಉಳಿದ ಕಡೆ ಇಲ್ಲ.

ಕೋವಿ ರಿಪೇರಿ, ಮೈಸೂರು: ಹಬ್ಬಕ್ಕೆ ಆಗುವುದಿಲ್ಲ. ಆ ಉಂಗುರ ತೋಕ್‌ಪೂವಿನದು. ಪೂಜೆಗೆ ನಳಿಗೆಯ ಬಾಯಿಗೆ ಹೂ ಸಿಕ್ಕಿಸುತ್ತೀರಲ್ಲ, ಹಸಿ ತೊಟ್ಟು ಎರಡು ದಿನ ಹಾಗೇ ಉಳಿದರೆ ಅಷ್ಟೇ ಜಾಗಕ್ಕೆ ತುಕ್ಕು ಬರುತ್ತದೆ. ಗಂಧದ ಬೊಟ್ಟೂ ಹಾಗೆಯೇ. ಬೊಟ್ಟಿನ ಆಕಾರದಲ್ಲೇ ಸಣ್ಣ ಗುಳಿ ಬಿದ್ದ ಕೋವಿಗಳು ನನ್ನ ಮೇಜಿನ ಮೇಲೆ ಈಗಲೂ ಎರಡು ಇವೆ. ಪೂಜೆ ಚೆನ್ನಾಗಿ ಮಾಡಿ. ಅವತ್ತು ಸಂಜೆಯೇ ಹೂ ತೆಗೆದು, ಒಣ ಬಟ್ಟೆಯಲ್ಲಿ ಒರೆಸಿ, ಎಣ್ಣೆ ಹಚ್ಚಿ.

ಬೆಂಗಳೂರು ಕೊಡಗು: ಈಗ ಪೂಜೆಗೂ ತಪ್ಪು ಹುಡುಕಿದಿರಾ?

ನಿವೃತ್ತ ಹವಿಲ್ದಾರ್: ಪೂಜೆ ಮಾಡಿ ಅಂತಲೇ ಹೇಳಿದರು. ಪೂರ್ತಿ ಓದಿ.

ಅಟ್ಟದ ಮನೆ: ಸರ್, ಠಾಣೆಯವರು ಬಂದು ತೆಗೆದುಕೊಂಡು ಹೋದರು. ಮರ್ಯಾದೆಯಿಂದ ಮಾತಾಡಿದರು. ರಸೀದಿ ಕೊಟ್ಟಿದ್ದಾರೆ. ಮಾವ ನನ್ನ ಜೊತೆ ಇನ್ನೂ ಮಾತಾಡಿಲ್ಲ, ಅಂಗಳದಲ್ಲಿ ಸುಮ್ಮನೆ ಕೂತಿದ್ದಾರೆ.

ಕೋವಿ ರಿಪೇರಿ, ಮೈಸೂರು: ಅವರಿಗೆ ಒಂದು ಲೋಟ ಕಾಫಿ ಕೊಡಿ. ರಸೀದಿಯ ಫೋಟೋ ತೆಗೆದಿಟ್ಟುಕೊಳ್ಳಿ. ಅಟ್ಟದಲ್ಲಿ ಕೋವಿಯ ಜೊತೆ ಮದ್ದಿನ ಕೊಂಬು, ಕೇಪಿನ ಡಬ್ಬಿ ಏನಾದರೂ ಉಳಿದಿದೆಯೇ ಅಂತ ಕೆಲಸದವರು ಬರುವ ಮುಂಚೆ ಒಮ್ಮೆ ನೋಡಿ. ಸಿಕ್ಕರೆ ಮುಟ್ಟದೆ ಮತ್ತೆ ಠಾಣೆಗೇ ಫೋನ್ ಮಾಡಿ.