ಕನ್ನಡಕದೊಳಗಿನ ಕಾರ್ಖಾನೆ

ಪೀಣ್ಯದ ದರ್ಶಿನಿಯೊಂದರ ನಿಂತು ಕುಡಿಯುವ ಮೇಜು. ಎರಡು ಬೈ-ಟೂ ಕಾಫಿ, ನಾಲ್ಕು ಬಾಯಿ. ವಿಷಯ ಇಷ್ಟೇ: 40 ಮೀಟರ್ ಉದ್ದ, 20 ಮೀಟರ್ ಅಗಲದ ಹಳೇ ಶೆಡ್ಡಿನಲ್ಲಿ ಎಂಟು ಸಿಎನ್‌ಸಿ ಲೇತು (ಕಂಪ್ಯೂಟರ್ ಹೇಳಿದಂತೆ ಲೋಹ ಕಡೆಯುವ ಯಂತ್ರ) ಕೂರಿಸುವ ಮೊದಲು ವಿಆರ್ ಹೆಡ್‌ಸೆಟ್, ಅಂದರೆ ಕಂಪ್ಯೂಟರಿನಲ್ಲಿ ಕಟ್ಟಿದ ಶೆಡ್ಡಿನೊಳಗೇ ನಿಂತಂತೆ ತೋರಿಸುವ ಕನ್ನಡಕ, ಹಾಕಿಕೊಂಡು ನೋಡಬೇಕೋ, ಸೀಮೆಸುಣ್ಣದ ಗೆರೆ ಸಾಕೋ. ವಿಆರ್ ಮಾಡೆಲ್ ಕಟ್ಟುವವಳು ಶ್ರುತಿ, ಲೇತು ಬಿಚ್ಚಿ ಸ್ವಚ್ಛ ಮಾಡುವವನು ಬಸಣ್ಣ.

ನಾಗರಾಜ: ಲೇತಿನ ಅಳತೆಗೆ ರಟ್ಟು ಕತ್ತರಿಸಿ ಡ್ರಾಯಿಂಗ್ ಮೇಲೆ ಸರಿಸ್ತಾ ಹೋದ್ರೆ ಮುಗೀತು. ಮೂತಿಗೆ ಅರ್ಧ ಕೆಜಿ ಡಬ್ಬ ಯಾಕೆ ಕಟ್ಕೋಬೇಕು?

ಬಸಣ್ಣ: ನಿಮ್ಮ ರಟ್ಟಿಗೆ ಬಾಗಿಲಾ ಐತೇನ್ರೀ? ಲೇತಿನ ಹಿಂದ ಕರೆಂಟಿನ ಪ್ಯಾನೆಲ್ ಬಾಗಿಲಾ ತೆಗೀಲಿಕ್ಕೆ 800 ಮಿಲಿಮೀಟರ್ ಬೇಕು. ತೆಗೆದ ಮ್ಯಾಲ ನಾ ಎಲ್ಲಿ ನಿಲ್ಲೂದು, ಪ್ಯಾನೆಲ್ ಒಳಗೇನು? ಲೋಹದ ಚೂರು ಹೊರಗ ಸಾಗ್ಸೂ ಚಿಪ್ ಕನ್ವೇಯರ್ ಸ್ವಚ್ಛ ಮಾಡಬೇಕಂದ್ರ ಪೂರಾ ಹೊರಗ ಎಳೀಬೇಕು, ಅದರ ಉದ್ದದಷ್ಟು ಜಾಗ ಖಾಲಿ ಬೇಕು. ರಟ್ಟಿನ್ಯಾಗ ಅಲ್ಲೇ ಇನ್ನೊಂದು ಲೇತು ಕುಂತಿರ್ತದ.

ಶ್ರುತಿ: ವಿಆರ್‌ನಲ್ಲೂ ಅದೇ ಕಥೆ ಬಸಣ್ಣ. ಬಾಗಿಲೆಲ್ಲ ಮುಚ್ಚಿದ ಮಾಡೆಲ್ ತಂದಿಟ್ಟರೆ ಶೆಡ್ಡು ಮದುವೆ ಛತ್ರದ ಹಾಗೆ ವಿಶಾಲವಾಗಿ ಕಾಣುತ್ತೆ. ಪ್ರತಿ ಲೇತಿಗೂ ಎರಡು ಮಾಡೆಲ್ ಬೇಕು: ಓಡ್ತಿರೋದು ಒಂದು; ಬಾಗಿಲು ತೆಗೆದು, ಕನ್ವೇಯರ್ರು, ಕಡೆಯುವಾಗ ತಂಪು ಮಾಡೋ ದ್ರವದ ಕೂಲಂಟ್ ಟ್ಯಾಂಕು ಎಳೆದಿಟ್ಟದ್ದು ಇನ್ನೊಂದು.

ಷಫಿ: ಮೊದಲು ಲೇತು ನೆಟ್ಟಗೆ ನಿಲ್ಬೇಕಲ್ಲಕ್ಕ. ಫೈಲು ತೆರೆದ್ರೆ ಅಂಗಾತ ಮಲಗಿರುತ್ತಂತೆ?

ಶ್ರುತಿ: ಹೂಂ. ಲೇತಿನ ಡ್ರಾಯಿಂಗ್ ಮಾಡೋ ಕ್ಯಾಡ್ ಸಾಫ್ಟ್‌ವೇರ್‌ನಲ್ಲಿ ಸಾಮಾನ್ಯವಾಗಿ ಮೇಲ್ದಿಕ್ಕು ಝಡ್, ವಿಆರ್ ಕಟ್ಟೋ ಯೂನಿಟಿ ಸಾಫ್ಟ್‌ವೇರ್‌ನಲ್ಲಿ ವೈ. ತಿರುಗಿಸದೆ ತಂದ್ರೆ ಮಲಗುತ್ತೆ. ಅಳತೆಯದು ಇನ್ನೂ ಮಜ. ಕ್ಯಾಡ್‌ನವರದು ಮಿಲಿಮೀಟರ್, ಯೂನಿಟಿಯದು ಮೀಟರ್. ಬದಲಿಸೋದು ಮರೆತ್ರೆ 3000 ಮಿಲಿಮೀಟರ್ ಲೇತು 3 ಕಿಲೋಮೀಟರ್.

ನಾಗರಾಜ: ಈ ತುದಿಯ ಚಕ್ ಪೀಣ್ಯದಲ್ಲಿ, ಆ ತುದಿಯ ಟೇಲ್‌ಸ್ಟಾಕ್ ದಾಸರಹಳ್ಳಿಯಲ್ಲಿ! ಆಪರೇಟರ್‌ಗೆ ಮೆಟ್ರೋ ಪಾಸ್ ಕೊಡ್ಸಿ.

ಶ್ರುತಿ: ಅದು ಕಣ್ಣಿಗೆ ರಾಚೋ ತಪ್ಪು, ಬಿಡಿ. ಕಾಣದ ತಪ್ಪು ನೆಲದ್ದು. ನೆಲ ಇರೋದಕ್ಕಿಂತ 10 ಸೆಂಟಿಮೀಟರ್ ಕೆಳಗಿದೆ ಅಂತ ಹೆಡ್‌ಸೆಟ್ ತಿಳ್ಕೊಂಡ್ರೆ ಐದಡಿ ಹುಡುಗಿ ಐದಡಿ ನಾಲ್ಕಿಂಚು ಆಗ್ತಾಳೆ. ‘ಬಟನ್ ಪ್ಯಾನೆಲ್ ಕೈಗೆಟುಕುತ್ತೆ’ ಅಂತ ನಾವು ಟಿಕ್ ಹಾಕ್ತೀವಿ. ಆಮೇಲೆ ಶೆಡ್ಡಲ್ಲಿ ಆಕೆ ಪ್ಯಾಲೆಟ್ ಹತ್ತಿ ಬಟನ್ ಒತ್ತಬೇಕು. ಅದಕ್ಕೇ ಹೆಡ್‌ಸೆಟ್ ಜೊತೆ ಕೈಯಲ್ಲಿ ಹಿಡಿಯೋ ಕಂಟ್ರೋಲರ್ ನೆಲಕ್ಕೆ ಇಟ್ಟು ಮಟ್ಟ ನೋಡಿ, ಆಮೇಲೆ ನಿಜವಾದ ಟೇಬಲ್ಲೊಂದನ್ನ ಮಾಡೆಲ್ ಟೇಬಲ್ಲಿನ ಜಾಗದಲ್ಲೇ ಇಟ್ಟು ಕೈ ತಾಗಿಸಿ ನೋಡಬೇಕು.

ಬಸಣ್ಣ: ಖರೇ ಟೇಬಲ್ ಇಡದಿದ್ರ ಮ್ಯಾನೇಜರ್ ಸಾಹೇಬ್ರು ಒರಗಲಿಕ್ಕೆ ಹೋಗಿ ಮಾರಿ ಅಡಿಯಾಗಿ ಬೀಳ್ತಾರ.

ಷಫಿ: ಬೋಲ್ಟು ಗೀಲ್ಟು ಎಲ್ಲಾ ಕಾಣುತ್ತಾ?

ಶ್ರುತಿ: ಕಾಣಬಾರದು. ತಯಾರಕರು ಕೊಡೋ ಸ್ಟೆಪ್ ಅನ್ನೋ ಕ್ಯಾಡ್ ಫೈಲಿನಲ್ಲಿ ಬೋಲ್ಟಿನ ಥ್ರೆಡ್ ಕೂಡ ಇರಬಹುದು. ವಿಆರ್ ಎಲ್ಲವನ್ನೂ ಬಿಡಿಸೋದು ಪುಟ್ಟ ತ್ರಿಕೋನಗಳಲ್ಲಿ; ಅದನ್ನ ಹಾಗೆ ಒಡೆದರೆ ಒಂದು ಲೇತೇ ಲಕ್ಷಗಟ್ಟಲೆ ತ್ರಿಕೋನ. ಹೆಡ್‌ಸೆಟ್ 90 ಹರ್ಟ್ಸ್, ಅಂದ್ರೆ ಸೆಕೆಂಡಿಗೆ 90 ಚಿತ್ರ ಆದ್ರೆ, ಒಂದು ಚಿತ್ರಕ್ಕೆ ಸಿಗೋದು 11 ಮಿಲಿಸೆಕೆಂಡ್. ಅಷ್ಟರಲ್ಲಿ ಬಿಡಿಸೋಕೆ ಆಗದಿದ್ರೆ ಚಿತ್ರ ತಡವರಿಸುತ್ತೆ, ನೋಡೋರಿಗೆ ತಲೆ ಸುತ್ತುತ್ತೆ. ಥ್ರೆಡ್ಡು, ಬೇರಿಂಗು, ಒಳಗಿನದ್ದೆಲ್ಲ ಕಿತ್ತು ಹೊರಮೈ ಮಾತ್ರ ಇಡಬೇಕು.

ನಾಗರಾಜ: ಬಿಎಂಡಬ್ಲ್ಯೂ ಹಂಗೆರಿಯ ಡೆಬ್ರೆಸೆನ್ ಕಾರ್ಖಾನೆಯನ್ನ 2023ರಲ್ಲೇ ಕಂಪ್ಯೂಟರ್ ಒಳಗೆ ಉದ್ಘಾಟಿಸಿತ್ತಂತೆ, ಕಾರು ಹೊರಗೆ ಬಂದದ್ದು 2025ರಲ್ಲಿ.

ಷಫಿ: ಅವರಿಗೆ ಖಾಲಿ ಜಮೀನು ಸಿಕ್ಕಿತ್ತಣ್ಣ. ನಮ್ಮದು ಹಳೇ ಶೆಡ್ಡು. ಕಂಬದ ಬುಡದ ಕಾಂಕ್ರೀಟು, ಮಳೆನೀರಿನ ಪೈಪು, ಆಮೇಲೆ ಎಳೆದ ಕೇಬಲ್ ಟ್ರೇ, ಯಾವುದೂ ಡ್ರಾಯಿಂಗ್‌ನಲ್ಲಿ ಇರಲ್ಲ. ಮೂರು ಟನ್ನಿನ ಫೋರ್ಕ್‌ಲಿಫ್ಟು ಪ್ಯಾಲೆಟ್ ಹೊತ್ತು ಅಡ್ಡ ತಿರುಗೋಕೆ 4 ಮೀಟರಾದ್ರೂ ಬೇಕು. ಕಂಬದ ಬುಡ ಒಂದಡಿ ತಿಂದ್ರೆ ಫೋರ್ಕ್ ಹೋಗಿ ಕೂಲಂಟ್ ಟ್ಯಾಂಕಿಗೆ ನಮಸ್ಕಾರ.

ಶ್ರುತಿ: ಹಳೇ ಶೆಡ್ಡಿಗೆ ಲೇಸರ್ ಸ್ಕ್ಯಾನ್, ಅಂದ್ರೆ ಬೆಳಕಿನ ಕಿರಣ ಬಿಟ್ಟು ಇದ್ದದ್ದನ್ನ ಇದ್ದ ಹಾಗೇ ಅಳೆಯೋದು, ಮಾಡಿಸದೆ ವಿಆರ್ ಹಾಕ್ಕೊಳ್ಳೋದು ಬರೀ ಸಿನಿಮಾ. ಸ್ಕ್ಯಾನ್ ದಿನ ಹೊಳೆಯೋ ಶೀಟು, ಗಾಜು ಮುಚ್ಚಿಡಿ, ಇಲ್ಲಾಂದ್ರೆ ಪ್ರತಿಫಲನದಿಂದ ಇಲ್ಲದ ಗೋಡೆ ಎದ್ದು ನಿಲ್ಲುತ್ತೆ.

ನಾಗರಾಜ: ಆಪರೇಟರ್ ದಿನಕ್ಕೆ ಎಷ್ಟು ನಡೀತಾನೆ ಅನ್ನೋದೂ ಗೊತ್ತಾಗುತ್ತಾ?

ಶ್ರುತಿ: ಅಲ್ಲಿ ನಿಮ್ಮ ರಟ್ಟೇ ಮೇಲು. ಜಾಯ್‌ಸ್ಟಿಕ್ಕಿನಲ್ಲಿ ನಡೆಸಿದ್ರೆ ತುಂಬ ಜನಕ್ಕೆ ವಾಕರಿಕೆ, ಅದಕ್ಕೆ ಟೆಲಿಪೋರ್ಟ್ ಇಟ್ಟಿರ್ತೀವಿ. ಬೊಟ್ಟು ತೋರಿಸಿದ ಕಡೆ ಹಾರೋದು. ಹಾರಿದವನಿಗೆ ಇನ್ಸ್‌ಪೆಕ್ಷನ್ ಟೇಬಲ್ 35 ಮೀಟರ್ ದೂರ ಇದೆ ಅಂತ ಹೇಗೆ ಗೊತ್ತಾಗಬೇಕು? ದಿನಕ್ಕೆ 60 ಸಲ ಹೋಗಿಬಂದ್ರೆ 4 ಕಿಲೋಮೀಟರ್ ದಾಟುತ್ತೆ. ಸಾಲದ್ದಕ್ಕೆ ಹೆಡ್‌ಸೆಟ್ಟಿನಲ್ಲಿ ದೂರದ್ದು ಹತ್ತಿರ ಅನ್ನಿಸೋದೂ ಉಂಟು. ಮೊದಲು ಕಾಗದದ ಮೇಲೆ ದಾರಿ ಎಳೆದು ಕೂಡಿ, ಆಮೇಲೆ ಕನ್ನಡಕ.

ನಾಗರಾಜ: ಬಂತಾ ದಾರಿಗೆ! ಕಾಗದ ಗೆದ್ದಿತು.

ಬಸಣ್ಣ: ಕಾಗದಾ ಬಗ್ಗಂಗಿಲ್ಲರೀ. ಮಷೀನ್ ಕೆಳಗ ಕೈ ಹಾಕಿ ಫಿಲ್ಟರ್ ಬಿಚ್ಚಾಂವ ಬಗ್ಗತಾನ. ಸಾಹುಕಾರ್ರು ಹಾಕ್ಕೊಂಡ್ರ ‘ಬಣ್ಣಾ ಭಾಳ ಚಂದ ಐತಿ’ ಅಂತಾರ. ನಮ್ಮ ಹುಡುಗರಿಗೆ ಹಾಕ್ರಿ, ಹದಿನೈದು ನಿಮಿಷ ಸಾಕು, ಎಲ್ಲಿ ಸೊಂಟಾ ಮುರೀತದ ಹೇಳ್ತಾರ.

ಷಫಿ: ಅಕ್ಕ, ಮಾಡೆಲ್‌ನಲ್ಲಿ ಇಲ್ಲದ್ದು ಇನ್ನೂ ಇದೆ, ಬರ್ಕೊಳ್ಳಿ. ರಿಜೆಕ್ಟ್ ಡಬ್ಬ, ಚಿಪ್ ಟ್ರಾಲಿ, ನೀರಿನ ಕ್ಯಾನು, ಊಟದ ಡಬ್ಬಿ, ದೇವರ ಫೋಟೋ.

ನಾಗರಾಜ: ದೇವರ ಫೋಟೋಗೆ ಎಷ್ಟು ತ್ರಿಕೋನ ಬೇಕಮ್ಮ?

ಶ್ರುತಿ: ಎರಡೇ. ಚಪ್ಪಟೆ ಅಲ್ವಾ.

ಬಸಣ್ಣ: ಆಯುಧಪೂಜೆಗೆ ಚೆಂಡುಹೂವಿನ ಹಾರ ಹಾಕಿದ್ರ?

ಶ್ರುತಿ: ಬೇಡ ಬಸಣ್ಣ. ಹೆಡ್‌ಸೆಟ್ ಹೊಗೆ ಬಿಡುತ್ತೆ.