ಸಹಾಯ ಬೇಕು: ಜನರನ್ನು ಉಳಿಸಲು ಬೇರೆ ದೇಶಕ್ಕೆ ಸೇನೆ ಕಳಿಸಬಹುದೇ?

ಎಲ್ಲರಿಗೂ ನಮಸ್ಕಾರ. ನಾನು ಪಿಯು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಮುಂದಿನ ವಾರ ನಮ್ಮ ಮಕ್ಕಳಿಗೆ ಚರ್ಚಾ ಸ್ಪರ್ಧೆ. ವಿಷಯ ಮೇಲಿನದೇ.

1994ರಲ್ಲಿ ರುವಾಂಡಾದಲ್ಲಿ ಸುಮಾರು 100 ದಿನಗಳಲ್ಲಿ ಟುಟ್ಸಿ ಎಂಬ ಜನಾಂಗದ ಲಕ್ಷಾಂತರ ಜನರ ಕೊಲೆಯಾಯಿತು. ಅಲ್ಲಿದ್ದ ವಿಶ್ವಸಂಸ್ಥೆಯ ಶಾಂತಿಪಡೆಯನ್ನು ಹೆಚ್ಚಿಸುವ ಬದಲು ಸುಮಾರು 2,500ರಿಂದ ಕೆಲವೇ ನೂರಕ್ಕೆ ಇಳಿಸಿದರು. ಇದನ್ನು ಹೇಳುವಾಗ ನನಗೇ ಗಂಟಲು ಕಟ್ಟುತ್ತದೆ. 2011ರಲ್ಲಿ ಲಿಬಿಯಾದ ಜನರನ್ನು ಕಾಪಾಡಲು ಸೇನಾ ಬಲ ಬಳಸಬಹುದು ಎಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಒಪ್ಪಿಗೆ ಕೊಟ್ಟಿತು (ಭಾರತ ತಟಸ್ಥವಾಗಿತ್ತು). ನೇಟೋ (ಅಮೆರಿಕ, ಯುರೋಪಿನ ದೇಶಗಳ ಸೇನಾ ಕೂಟ) ದಾಳಿ ಅಲ್ಲಿನ ನಾಯಕ ಗಡಾಫಿಯ ಆಡಳಿತ ಬೀಳುವವರೆಗೂ ನಡೆಯಿತು. ಆಮೇಲೆ ದೇಶವೇ ಒಡೆದು ಹೋಯಿತು.

ಒಬ್ಬಳು ಹುಡುಗಿ ಕೇಳಿದಳು: "ಮೇಡಂ, ಹೋಗದಿದ್ದದ್ದೂ ತಪ್ಪು, ಹೋಗಿದ್ದೂ ತಪ್ಪು ಅಂದ್ರೆ ಸರಿ ಯಾವುದು?" ಉತ್ತರ ಹೊಳೆಯಲಿಲ್ಲ. ಸುಮ್ನೆ ಏನೋ ಹೇಳಿ ಸಾಗಹಾಕಲು ಮನಸ್ಸಿಲ್ಲ.

ನಮ್ಮದೇ 1971ರ ಯುದ್ಧದ ವಿಷಯ ಇನ್ನೂ ಕಷ್ಟ. ಪೂರ್ವ ಪಾಕಿಸ್ತಾನದಿಂದ (ಈಗಿನ ಬಾಂಗ್ಲಾದೇಶ) ಸುಮಾರು 1 ಕೋಟಿ ನಿರಾಶ್ರಿತರು ಬಂದಿದ್ದರು. ಆದರೂ ಡಿಸೆಂಬರಿನಲ್ಲಿ ನಮ್ಮ ಸೇನೆ ಅಲ್ಲಿಗೆ ಹೋದಾಗ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ 104 ದೇಶಗಳು ಯುದ್ಧ ನಿಲ್ಲಿಸಿ ಎಂದು ಮತ ಹಾಕಿದವು. ನಾವು ಮಾಡಿದ್ದು ಸರಿ ಎಂದೇ ನನ್ನ ನಂಬಿಕೆ. ಆದರೆ ಅದರಲ್ಲಿ ನಮ್ಮ ಲಾಭವೂ ಇತ್ತು, ಅಲ್ವಾ? ಲಾಭ ಇದ್ದ ಮಾತ್ರಕ್ಕೆ ಕಾಪಾಡಿದ್ದು ಸುಳ್ಳಾಗುತ್ತದೆಯೇ?

ಶಾಂತಿಪಡೆಯಲ್ಲಿ ಕೆಲಸ ಮಾಡಿದವರು ಇಲ್ಲಿದ್ದರೆ ದಯವಿಟ್ಟು ಬರೆಯಿರಿ. ಗುಂಡು ಹಾರಿಸಲು ಅನುಮತಿ ಇಲ್ಲದೆ ನಿಂತ ಅನುಭವ ಹೇಗಿರುತ್ತದೆ ಎಂದು ಮಕ್ಕಳಿಗೆ ಹೇಳಬೇಕು. 1971ರಲ್ಲಿ ಗಡಿಯ ಹತ್ತಿರ ಇದ್ದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಅವರನ್ನೂ ಕೇಳಿ. ಕನ್ನಡದಲ್ಲಿ ಒಳ್ಳೆಯ ಲೇಖನ ಗೊತ್ತಿದ್ದರೆ ತಿಳಿಸಿ. ಶುಕ್ರವಾರದೊಳಗೆ ಸಿಕ್ಕರೆ ಉಪಕಾರ.